ಕೂಗಬಾರದ ಹೆಸರು

ಈ ಕತೆಯಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ ನನ್ನ ಮನೆಯ ಸ್ಟೌ ಶುಕ್ರವಾರ ಸಂಜೆ, ಅಡುಗೆ ಅರ್ಧ ಬೆಂದಾಗ ಕೆಟ್ಟುಹೋಗಲಿ. ಜೆರುಸಲೇಮಿನಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಸೂರ್ಯ ಮುಳುಗಿ ಸಬ್ಬತ್ ಶುರುವಾದ ಮೇಲೆ ಶನಿವಾರ ಸಂಜೆಯವರೆಗೆ ಬೆಂಕಿ ಹೊತ್ತಿಸುವ ಹಾಗಿಲ್ಲ. ಅರ್ಧ ಬೆಂದ ಬೀನ್ಸನ್ನು ಶನಿವಾರವೆಲ್ಲ ಅಗಿಯುತ್ತ, ಹೆಂಡತಿಯ ಮುಖ ನೋಡುತ್ತ ಕೂತಿರಬೇಕು. ಇಷ್ಟಾದರೂ ನಂಬಿಕೆ ಬರದಿದ್ದರೆ ಇಗೋ, ಈ ಚಹಾ ಅಂಗಡಿಯ ಬೆಂಚಿನ ಆ ತುದಿಯಲ್ಲಿ ಲೋಟ ಹಿಡಿದು ಕೂತಿದ್ದಾರಲ್ಲ, ಆ ಹಿರಿಯರನ್ನು ಕೇಳಿ. ಪ್ರತಿ ಶುಕ್ರವಾರ ಅಲ್ಲೇ ಕೂರುತ್ತಾರೆ. ಈ ಕತೆ ಅವರಿಗೆ ಬಾಯಿಪಾಠ. ನಾನು ಸ್ವಲ್ಪ ಎಳೆದೆನೋ, ಕೆಮ್ಮುತ್ತಾರೆ.

ಎಲ್ಲಕ್ಕೂ ಕಾರಣ ಒಂದು ಕರಬೂಜ.

ಆಗ ಈ ಮಾರ್ಕೆಟ್ಟಿಗೆ ಚಾವಣಿ ಇರಲಿಲ್ಲ. ಐಸು ಕತ್ತೆಗಾಡಿಯಲ್ಲಿ ಬರುತ್ತಿತ್ತು. ಪಂಪ್ ಸ್ಟೌ ಭುಸುಗುಡುವ ಸದ್ದು ಕೇಳಿಯೇ ಯಾರ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ಹೇಳಬಲ್ಲ ಹೆಂಗಸರು ಇದ್ದರು. ಆ ಸ್ಟೌಗಳನ್ನು ರಿಪೇರಿ ಮಾಡುತ್ತಿದ್ದವನು ಮರಿ. ಮರಿ ಎಂದರೆ ಚಿಕ್ಕ ಹುಡುಗ ಎಂದುಕೊಳ್ಳಬೇಡಿ. ನಲವತ್ತು ದಾಟಿತ್ತು, ತಲೆ ಬೆಳಗಿದ ಹಂಡೆಯ ತಳದ ಹಾಗೆ ಹೊಳೆಯುತ್ತಿತ್ತು, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಆದರೂ ಊರಿಗೆಲ್ಲ ಅವನು ಮರಿ.

ಅದಕ್ಕೆ ಕಾರಣ ಇತ್ತು. ಸಿರಿಯಾದ ಹಲಬ್ ಪಟ್ಟಣದಿಂದ ಬಂದು ನೆಲೆಸಿದ ನಮ್ಮಂಥ ಯೆಹೂದಿಗಳ ಮನೆಗಳಲ್ಲಿ ಮೊದಲ ಗಂಡುಮಗುವಿಗೆ ತಾತನ ಹೆಸರು. ತಾತ ಬದುಕಿದ್ದರೆ ಇನ್ನೂ ಒಳ್ಳೆಯದು, ಎದುರಿಗೇ ಕೂತು ಮೀಸೆ ತಿರುವಬಹುದು. ಮರಿಯ ಮನೆತನದಲ್ಲಿ ಪೆರಹ್ಯನ ಮಗ ಸಾಸೋನ್, ಸಾಸೋನನ ಮಗ ಪೆರಹ್ಯ, ಮತ್ತೆ ಸಾಸೋನ್, ಮತ್ತೆ ಪೆರಹ್ಯ. ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡದ ಹಾಗೆ ಒಂದು ಇಳಿದರೆ ಇನ್ನೊಂದು ಏರುತ್ತಿತ್ತು. ತೊಡಕು ಇರುವುದು ಇಲ್ಲೇ. ಅಪ್ಪನ ಹೆಸರನ್ನು ಮಗ ಹೇಳಬಾರದು ಎಂದು ಶಾಸ್ತ್ರ. ಆ ಹೆಸರು ಅಪರೂಪದ್ದಾದರೆ, ಅದೇ ಹೆಸರಿನ ಬೇರೆಯವರನ್ನೂ ಹಾಗೆ ಕರೆಯಬಾರದು. ಮೋಶೆ, ದಾವೀದ್ ಎಂದರೆ ಕಲ್ಲೆಸೆದಲ್ಲಿ ಒಬ್ಬ ಸಿಗುತ್ತಾನೆ, ಹೇಗೋ ನಡೆಯುತ್ತದೆ. ಪೆರಹ್ಯ ಎಂಬ ಹೆಸರು ಇಡೀ ಜೆರುಸಲೇಮಿನಲ್ಲಿ ಇದ್ದದ್ದು ಆ ಒಂದು ಮನೆಯಲ್ಲಿ. ಹಾಗಾಗಿ ಸಾಸೋನ್ ತನ್ನ ಮಗನಿಗೆ ಆ ಹೆಸರಿಟ್ಟು, ಅವತ್ತೇ ಅದನ್ನು ಬೀರುವಿನ ಮೇಲಿನ ಬೆಳ್ಳಿ ತಟ್ಟೆಯ ಹಾಗೆ ಎತ್ತಿಟ್ಟುಬಿಟ್ಟ. ಮಗು ಮರಿಯಾಯಿತು.

ತಾತನದೂ ಅದೇ ಪಾಡು. ಮನೆಯಲ್ಲಿ ಅವರು ಜಿದ್ದೊ, ಅಂದರೆ ತಾತ. ಬೀದಿಯಲ್ಲಿ 'ಸಾಸೋನನ ಅಪ್ಪ'. 'ತಾತ' ಎಂದು ಮುಂದೆ ಸೇರಿಸಿ ಮೊಮ್ಮಕ್ಕಳು ಹೆಸರು ಹೇಳಿದರೆ ತಪ್ಪಿಲ್ಲ ಎನ್ನುವ ಪಂಡಿತರೂ ಇದ್ದರು. ಸಾಸೋನ್ ಆ ಪಂಡಿತರ ಜೊತೆ ಮಾತು ಬಿಟ್ಟಿದ್ದ. ಮರಿ ಚಿಕ್ಕವನಿದ್ದಾಗ ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಅವನ ತುಟಿಗೆ ಮೆಣಸಿನಕಾಯಿ ಉಜ್ಜಿದ್ದ. ಸಾಸೋನ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಖಾರ ಇನ್ನೂ ಇಳಿದಿರಲಿಲ್ಲ.

ಜಿದ್ದೊನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಇಡೀ ಭೂಮಿಯ ಮೇಲೆ ಒಬ್ಬನೇ: ಅಸ್ಲಾನ್. ಹಲಬಿನ ಒಂದೇ ಗಲ್ಲಿಯಲ್ಲಿ ಜರ್ದಾಳು ಬೀಜದಲ್ಲಿ ಗೋಲಿಯಾಡಿ ಬೆಳೆದವರು. ಇದೇ ಚಹಾ ಅಂಗಡಿಯಲ್ಲಿ ಇಬ್ಬರೂ ಪಗಡೆಗೆ ಕೂರುತ್ತಿದ್ದರು. "ಲೋ ಪೆರಹ್ಯಾ, ದಾಳ ನುಂಗಿಬಿಟ್ಯೇನೋ? ಆಡೋ ಪೆರಹ್ಯಾ!" ಎಂದು ಅಸ್ಲಾನ್ ಗದರುತ್ತಿದ್ದ. ಕೇಳಿದವರು ಅದು ಯಾವುದೋ ಹಲಬಿನ ಬೈಗುಳ ಎಂದುಕೊಂಡಿದ್ದರು. ಆ ವರ್ಷದ ಚಳಿಗಾಲದಲ್ಲಿ ಅಸ್ಲಾನ್ ಹೋದ. ಜಿದ್ದೊ ಆಮೇಲೆ ಪಗಡೆ ಮುಟ್ಟಲಿಲ್ಲ, ಈ ಅಂಗಡಿಯ ಕಡೆ ತಲೆಯೂ ಹಾಕಲಿಲ್ಲ. ಯಾರು ಏನು ಕೇಳಿದರೂ ಸ್ವಲ್ಪ ತಡವಾಗಿ ಉತ್ತರ ಕೊಡುತ್ತಿದ್ದರು, ಪಕ್ಕದ ಕೋಣೆಯಿಂದ ಎದ್ದು ಬಂದವರ ಹಾಗೆ.

ಆ ಶುಕ್ರವಾರ ಬೆಳಗ್ಗೆ ಮರಿಯ ಹೆಂಡತಿ ಸರೀನಾ ಬಾಗಿಲಲ್ಲಿ ನಿಂತು ಹೇಳಿದಳು, "ಕೈ ಬಿಡಬೇಡಿ ಮತ್ತೆ. ಕರಬೂಜ ತರದಿದ್ರೂ ಪರವಾಗಿಲ್ಲ, ಕೈ ಮಾತ್ರ ಬಿಡಬೇಡಿ."

"ಆಯ್ತು ಕಣೇ, ಬಿಡಲ್ಲ."

"ನಿಮಗಲ್ಲ ಹೇಳಿದ್ದು. ಜಿದ್ದೊ, ಇವರ ಕೈ ಬಿಡಬೇಡಿ."

ಜಿದ್ದೊ ಗಂಭೀರವಾಗಿ ತಲೆಯಾಡಿಸಿ ಮೊಮ್ಮಗನ ಕೈ ಹಿಡಿದುಕೊಂಡರು.

ಕರಬೂಜದ ಮುರಾದನ ಅಂಗಡಿಯವರೆಗೆ ಎಲ್ಲ ಸರಿಯಿತ್ತು. ಆದರೆ ಕರಬೂಜ ಆರಿಸುವುದು ಒಂದು ಕೈಯ ಕೆಲಸವಲ್ಲ. ಒಂದರಲ್ಲಿ ಹಿಡಿಯಬೇಕು, ಇನ್ನೊಂದರಲ್ಲಿ ತಟ್ಟಬೇಕು. ಮರಿ ಜಿದ್ದೊನ ಕೈ ಬಿಟ್ಟ. ಹಿಡಿದ, ತಟ್ಟಿದ, ಮೂಸಿದ, ಕಿವಿಗೆ ಹಚ್ಚಿ ಕೇಳಿದ.

"ಮದುವೆ ಮಾಡ್ಕೊಳ್ತೀಯೋ, ತಗೊಂಡು ಹೋಗ್ತೀಯೋ?" ಎಂದ ಮುರಾದ್.

ಮರಿ ತಿರುಗಿ ನೋಡಿದ. ಜಿದ್ದೊ ಇರಲಿಲ್ಲ.

ಶುಕ್ರವಾರದ ಮಾರ್ಕೆಟ್ಟು, ಸಾಸಿವೆ ಚೆಲ್ಲಿದರೂ ನೆಲ ಮುಟ್ಟದಷ್ಟು ಜನ. ತೊಂಬತ್ತರ ಮುದುಕ ಕಾಲು ಜಾರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮರಿ ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ:

"ಜಿದ್ದೊ! ಜಿದ್ದೋ!"

ಮಾರ್ಕೆಟ್ಟಿನಲ್ಲಿದ್ದ ಅರ್ಧದಷ್ಟು ಮುದುಕರು ತಿರುಗಿದರು. ಹಲಬಿನವರು, ದಮಾಸ್ಕಸ್ಸಿನವರು, ಬಾಗ್ದಾದಿನವರು. ಎಲ್ಲರೂ ಯಾರಿಗಾದರೂ ತಾತಂದಿರೇ.

"ಬಂದ್ಯಾ ಮಗನೇ? ಸದ್ಯ, ಬಂದೆಯಲ್ಲ," ಎಂದು ಒಬ್ಬರು ತಮ್ಮ ಈರುಳ್ಳಿ ಚೀಲ ಅವನ ಕೈಗಿಟ್ಟರು.

"ನಾನು ನಿಮ್ಮ ಮೊಮ್ಮಗ ಅಲ್ಲ, ಜಿದ್ದೊ..."

"ಜಿದ್ದೊ ಅಂತೀಯ, ಮೊಮ್ಮಗ ಅಲ್ಲ ಅಂತೀಯ. ಇನ್ಯಾರ ಮೊಮ್ಮಗನೋ ನೀನು? ನಡಿ, ಬಸ್ ಸ್ಟಾಪಿನವರೆಗೆ ಬಾ ಸಾಕು."

ಇನ್ನೊಬ್ಬರು ಜೀವಂತ ಮೀನಿದ್ದ ಬಕೆಟ್ಟು ಕೊಟ್ಟರು. ಮೂರನೆಯವರಿಗೆ ಕೊಡಲು ಏನೂ ಇರಲಿಲ್ಲ, ಅವರೇ ಅವನ ತೋಳಿಗೆ ಜೋತುಬಿದ್ದರು. ತಲೆನರೆತವರ ಮಾತು ತೆಗೆದುಹಾಕುವಂತಿಲ್ಲ. ಮರಿ ಈರುಳ್ಳಿ, ಮೀನು, ಮುದುಕ ಎಲ್ಲವನ್ನೂ ಬಸ್ ಸ್ಟಾಪಿಗೆ ಮುಟ್ಟಿಸಿ ಬಂದ. ಮತ್ತೆ ಕೂಗಿದ. ಮತ್ತೆ ಬಸ್ ಸ್ಟಾಪಿಗೆ ಹೋದ. ಹೀಗೆ ನಲವತ್ತು ಸಲ...

ಕೆಮ್ಮಬೇಡಿ ಹಿರಿಯರೆ. ಸರಿ, ನಾಲ್ಕು ಸಲ.

ಕೊನೆಗೆ ಉಪ್ಪಿನಕಾಯಿ ಶಹಾದೆಯ ಅಂಗಡಿಯ ಮುಂದೆ ಕುಸಿದು ಕೂತ. ಶಹಾದೆ ಹುಡುಗನಾಗಿದ್ದಾಗ ಎರಡು ವರ್ಷ ಶಾಸ್ತ್ರ ಓದಿದ್ದ. ಅಂದಿನಿಂದ ಅವನ ಅಂಗಡಿಯಲ್ಲಿ ಆಲಿವ್ ಕೊಂಡವರಿಗೆಲ್ಲ ಒಂದು ತೀರ್ಪು ಪುಕ್ಕಟೆ.

"ಜಿದ್ದೊ ಅಂತ ಕೂಗಿದ್ರೆ ಯಾರು ಬರ್ತಾರೋ? ಹೆಸರು ಹಿಡಿದು ಕೂಗು," ಎಂದ ಶಹಾದೆ.

"ತಾತನ ಹೆಸರನ್ನಾ?"

"ಮುಂದೆ ತಾತ ಅಂತ ಸೇರಿಸ್ಕೊ. ಆಗ ದೋಷ ಇಲ್ಲ."

"ಅಪ್ಪ ಒಪ್ತಿರಲಿಲ್ಲ."

ಶಹಾದೆ ಗಡ್ಡ ಹಿಡಿದುಕೊಂಡ. "ಹೌದಾ? ಹಾಗಾದ್ರೆ ಕಷ್ಟ. ತಾತನ ಮರ್ಯಾದೆಗಿಂತ ಅಪ್ಪನ ಮರ್ಯಾದೆ ಒಂದು ಗೇಣು ಮೇಲೆ. ಅಪ್ಪನ ಮಾತು ಮೀರಿ ತಾತನನ್ನ ಕರೆಯೋ ಹಾಗಿಲ್ಲ. ಬೇರೆ ಯಾರ ಕೈಲಾದ್ರೂ ಕೂಗಿಸು. ನಾನೇ ಕೂಗ್ತೀನಿ, ಹೆಸರು ಏನು?"

"ಅದನ್ನ ಹೇಳೋ ಹಾಗಿದ್ರೆ ನಾನೇ ಕೂಗ್ತಿದ್ನಲ್ಲ!"

"ಅದೂ ಸರಿ. ಒಂದು ಕೆಲಸ ಮಾಡು, ಪೊಲೀಸಪ್ಪನಿಗೆ ಹೇಳು."

ಮಾರ್ಕೆಟ್ಟಿನ ಮೂಲೆಯಲ್ಲಿ ಒಬ್ಬ ಪೊಲೀಸಪ್ಪ ನಿಂತಿದ್ದ. ಪೋಲೆಂಡಿನ ಕಡೆಯಿಂದ ಬಂದವನು, ಕೆಂಪು ಮುಖ, ಒಳ್ಳೆಯ ಮನಸ್ಸು. ಮರಿ ಏದುಸಿರಿನಲ್ಲಿ ಹೇಳಿದ, "ನಮ್ಮ ತಾತ ಕಾಣ್ತಿಲ್ಲ, ಸಾರ್."

"ಗಾಬರಿ ಆಗಬೇಡಿ. ತಾತನ ಹೆಸರು?"

ಮರಿ ನೆಲ ನೋಡಿದ.

"ಹೋಗ್ಲಿ, ನಿಮ್ಮ ಹೆಸರು?"

ತನ್ನ ಹೆಸರನ್ನು ತಾನು ಹೇಳಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. "ಪೆರಹ್ಯ."

"ಸರಿ. ಈಗ ತಾತನ ಹೆಸರು ಹೇಳಿ."

"ಈಗ ಹೇಳಿದ್ನಲ್ಲ ಸಾರ್."

"ಅದು ನಿಮ್ಮದು."

"ನನಗೆ ಅವರದ್ದೇ ಇಟ್ಟಿದಾರೆ."

ಪೊಲೀಸಪ್ಪನ ಮುಖ ಬದಲಾಯಿತು. ಅವನ ಕಡೆಯವರಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಇಟ್ಟರೆ, ಯಮದೂತ ಬಂದಾಗ ಯಾರನ್ನು ಒಯ್ಯಬೇಕೆಂದು ಗಲಿಬಿಲಿಯಾದೀತು ಎಂಬ ಭಯ. ಹೆಸರು ಇಟ್ಟಿದ್ದಾರೆ ಎಂದರೆ ತಾತ ಹೋಗಿದ್ದಾರೆ, ಅದೂ ಈ ಬೋಳುತಲೆಯ ಮನುಷ್ಯ ಹುಟ್ಟುವ ಮೊದಲೇ. ಅವನು ನಿಧಾನವಾಗಿ ಟೋಪಿ ತೆಗೆದು, ಮರಿಯ ಹೆಗಲ ಮೇಲೆ ಕೈಯಿಟ್ಟ.

"ಅರ್ಥ ಆಯ್ತು. ನಮ್ಮ ಮಾವನೂ ಹೀಗೇ ಹುಡುಕ್ತಿದ್ರು. ದೇವರು ಸಮಾಧಾನ ಕೊಡ್ಲಿ. ಮನೆಗೆ ಹೋಗಿ, ಒಂದು ಲೋಟ ನೀರು ಕುಡೀರಿ."

"ಸಾರ್, ಈಗ ಕರಬೂಜದ ಅಂಗಡಿ ಹತ್ರ ನನ್ನ ಕೈ ಹಿಡ್ಕೊಂಡಿದ್ರು!"

"ಹಿಡ್ಕೊಂಡೇ ಇರ್ತಾರೆ," ಎಂದ ಪೊಲೀಸಪ್ಪ, ಕಣ್ಣು ಒರೆಸಿಕೊಂಡು. "ಯಾವತ್ತೂ ಹಿಡ್ಕೊಂಡೇ ಇರ್ತಾರೆ."

ಇದನ್ನು ಆಚೆ ಬದಿಯಿಂದ ನೋಡುತ್ತಿದ್ದವಳು ಮರಿಯ ವಠಾರದ ಬಹಿಯಾ. ಅವಳಿಗೆ ಮಾತು ಒಂದೂ ಕೇಳಿಸಲಿಲ್ಲ. ಜಿದ್ದೊ ಇಲ್ಲದೆ ಮರಿ ಒಬ್ಬನೇ ನಿಂತಿದ್ದಾನೆ, ಪೊಲೀಸಪ್ಪ ಟೋಪಿ ತೆಗೆದ, ಹೆಗಲು ತಟ್ಟಿದ, ಕಣ್ಣು ಒರೆಸಿಕೊಂಡ. ಬಹಿಯಾಗೆ ಇಷ್ಟು ಸಾಕು. ಇದರ ಕಾಲು ಭಾಗ ಸಿಕ್ಕಿದ್ದರೂ ಸಾಕಿತ್ತು.

ಮರಿ ಇನ್ನೂ ನಾಲ್ಕು ಓಣಿ ಹುಡುಕಿ, ಜಿದ್ದೊ ತಾವಾಗಿಯೇ ಮನೆ ಸೇರಿರಬಹುದು ಎಂಬ ಆಸೆಯಿಂದ ವಠಾರಕ್ಕೆ ಬಂದಾಗ, ಅಲ್ಲಿ ಆಗಲೇ ಅಂಗಳದ ತುಂಬ ಜನ. ಬೇಯಿಸಿದ ಮೊಟ್ಟೆ, ಮಸೂರದ ಬೇಳೆ, ಸಾವಿನ ಮನೆಗೆ ತರುವುದೆಲ್ಲ ಬಂದಿತ್ತು. ಶೋಕಕ್ಕೆಂದು ಕನ್ನಡಿಯ ಮೇಲೆ ಮೇಜಿನ ಬಟ್ಟೆ ಇಳಿಬಿಟ್ಟಿದ್ದರು. ಒಲೆಯ ಮೇಲೆ ಸರೀನಾಳ ಹುಣಸೆಹುಳಿಯ ತುಂಬುಗಾಯಿ ತಳ ಹಿಡಿಯುತ್ತಿತ್ತು.

"ಕೈ ಬಿಡಬೇಡಿ ಅಂದಿದ್ನಲ್ಲರೀ!" ಸರೀನಾ ಗೋಳೋ ಎಂದಳು. "ಒಂದು ಕರಬೂಜಕ್ಕೆ ಕೊಂದು ಬಂದ್ರಲ್ಲ!"

"ಸತ್ತಿಲ್ಲ ಕಣೇ! ಕಾಣ್ತಿಲ್ಲ ಅಷ್ಟೇ."

"ಪಾಪ," ಎಂದಳು ಬಹಿಯಾ, ಪಕ್ಕದವಳ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ. "ಮೊದಮೊದಲು ಹಾಗೇ ಅನ್ಸುತ್ತೆ. ಯಾರಾದ್ರೂ ಅವನ ಅಂಗಿ ಹರೀರಪ್ಪ, ಮನಸ್ಸು ಹಗುರ ಆಗ್ಲಿ."

ಯಾರೋ ಪುಣ್ಯಾತ್ಮ ಕಾಲರಿನಿಂದ ಎದೆಯವರೆಗೆ ಪರ್ರನೆ ಎಳೆದೇಬಿಟ್ಟ. ಸಬ್ಬತ್ತಿಗೆ ಎಂದು ಇದ್ದ ಒಂದೇ ಬಿಳಿ ಅಂಗಿ. ಅಷ್ಟರಲ್ಲಿ ಅಂಗಡಿ ಮುಚ್ಚಿ, ಒಂದು ಡಬ್ಬಿ ಆಲಿವ್ ಹಿಡಿದು ಓಡಿಬಂದ ಶಹಾದೆ ಕೈಯೆತ್ತಿ ಕೂಗಿದ, "ನಿಲ್ಸಿ, ನಿಲ್ಸಿ! ಅಪ್ಪ ಅಮ್ಮ ಸತ್ರೆ ಅಂಗಿ ಹರೀಬೇಕು. ತಾತನಿಗೆ ಹರಿಯೋದು ಕಡ್ಡಾಯ ಅಲ್ಲ!"

"ಸ್ವಲ್ಪ ಮುಂಚೆ ಹೇಳೋದಲ್ವೇನೋ!" ಎಂದ ಮರಿ, ಅಂಗಿಯ ಎರಡು ಭಾಗ ಎರಡು ಕೈಯಲ್ಲಿ ಹಿಡಿದು.

ಬಿಸಿಲು ಗೋಡೆಯ ಅರ್ಧ ಹತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಸಬ್ಬತ್ತಿನ ಸೈರನ್ ಕೂಗುತ್ತದೆ. ಆಮೇಲೆ ಮಾರ್ಕೆಟ್ಟು ಖಾಲಿ. ಅಲ್ಲೆಲ್ಲೋ ಕತ್ತಲ ಮೂಲೆಯಲ್ಲಿ ಜಿದ್ದೊ ಒಬ್ಬರೇ. ತಂದೆ ಹೋದ ಮೇಲೆ ತನ್ನ ಕೈಗೆ ಮೊದಲ ಸ್ಕ್ರೂಡ್ರೈವರ್ ಕೊಟ್ಟ ಜಿದ್ದೊ. ಚಳಿಗಾಲದ ಬೆಳಗ್ಗೆ ಅವನ ಬೂಟಿನೊಳಗೆ ಬಿಸಿ ಆಲೂಗಡ್ಡೆ ಇಟ್ಟು ಬೆಚ್ಚಗೆ ಮಾಡುತ್ತಿದ್ದ ಜಿದ್ದೊ. ಮರಿ ಹರಿದ ಅಂಗಿಯಲ್ಲೇ ಮತ್ತೆ ಓಡಿದ. ಅವನ ಹಿಂದೆ ಶಹಾದೆ, ಶಹಾದೆಯ ಹಿಂದೆ ಬಹಿಯಾ, ಬಹಿಯಾಳ ಹಿಂದೆ ಇಡೀ ವಠಾರ.

ಸಬ್ಬತ್ತಿಗೆ ಅಂಗಡಿ ಮುಚ್ಚಿಸುವ ತುತ್ತೂರಿಯವನು ಆಗಲೇ "ಅಂಗಡಿ ಮುಚ್ಚಿ, ಅಂಗಡಿ ಮುಚ್ಚಿ" ಎಂದು ಕೂಗುತ್ತ, ಊದುತ್ತ ಹೋಗುತ್ತಿದ್ದ. ಬಾಗಿಲುಗಳು ಒಂದೊಂದಾಗಿ ಬೀಳುತ್ತಿದ್ದವು. ಮರಿ ಟೊಮೇಟೊದ ಒಂದು ಖಾಲಿ ಪೆಟ್ಟಿಗೆ ಹತ್ತಿ ನಿಂತ. 'ಜಿದ್ದೊ' ಎಂದರೆ ಉಪಯೋಗವಿಲ್ಲ. 'ತಾತ' ಸೇರಿಸಿ ಕೂಗಿದರೆ ಅಪ್ಪನ ಮೆಣಸಿನಕಾಯಿ. ಆಗ ಅವನಿಗೆ ಪೊಲೀಸಪ್ಪನ ಪ್ರಶ್ನೆ ನೆನಪಾಯಿತು.

"ಶಹಾದೆ! ಮನುಷ್ಯ ತನ್ನ ಹೆಸರನ್ನ ತಾನೇ ಕೂಗ್ಕೊಂಡ್ರೆ ತಪ್ಪಾ?"

ಶಹಾದೆ ಯೋಚಿಸಿದ. "ಹುಚ್ಚು ಅಂತಾರೆ. ತಪ್ಪು ಅನ್ನಲ್ಲ."

ಮರಿ ಎದೆ ತುಂಬ ಗಾಳಿ ಎಳೆದುಕೊಂಡ.

"ಪೆರಹ್ಯಾ!"

ಹುಟ್ಟಿದ ಮೇಲೆ ಮೊದಲ ಸಲ ಆ ಹೆಸರು ಅವನ ಬಾಯಿಂದ ಅಷ್ಟು ದೊಡ್ಡದಾಗಿ ಬಂದಿತ್ತು. ತುಟಿ ಉರಿಯಲಿಲ್ಲ. ಧೈರ್ಯ ಬಂತು. ತನ್ನನ್ನು ತಾನು ಕರೆದುಕೊಳ್ಳುವಾಗ ಬಹುವಚನ ಯಾರೂ ಬಳಸುವುದಿಲ್ಲವಷ್ಟೆ.

"ಪೆರಹ್ಯಾ! ಲೋ ಪೆರಹ್ಯಾ! ಎಲ್ಲಿ ಹಾಳಾಗಿ ಹೋದ್ಯೋ? ಬಾರೋ ಪೆರಹ್ಯಾ!"

"ಅಯ್ಯೋ, ತಲೆ ಕೆಡ್ತು," ಎಂದಳು ಬಹಿಯಾ. "ಏನೋ ಕೆಟ್ಟ ಮಾತು ಬೈತಿದಾನೆ."

"ಬೈಗುಳ ಅಲ್ಲಮ್ಮ," ಎಂದ ಪೊಲೀಸಪ್ಪ, ಮತ್ತೆ ಟೋಪಿ ತೆಗೆಯುತ್ತ. "ಅದು ಅವರ ಹೆಸರೇ. ಪಾಪ, ಈಗ ತನ್ನನ್ನೇ ಕಳ್ಕೊಂಡಿದಾರೆ."

ಆಗ ಈ ಚಹಾ ಅಂಗಡಿಯ ಒಳಗಿನಿಂದ ಒಂದು ಬೆಂಚು ದಡಾರನೆ ಉರುಳಿದ ಸದ್ದಾಯಿತು.

"ಬಂದೆ ಕಣೋ! ಇಲ್ಲೇ ಇದೀನಿ! ಬಂದೆ!"

ಜಿದ್ದೊ ಓಡಿ ಬಂದರು. ಬೆತ್ತ ಹಿಂದೆಯೇ ಬಿಟ್ಟು, ಕೈಯಲ್ಲಿ ಪಗಡೆಯ ದಾಳ ಹಿಡಿದು, ಹಲಬಿನ ಗಲ್ಲಿಯಲ್ಲಿ ಗೆಳೆಯ ಬಾಗಿಲಿಗೆ ಬಂದು ಕೂಗಿದಾಗ ಹುಡುಗರು ಓಡುತ್ತಾರಲ್ಲ, ಹಾಗೆ. ಪೆಟ್ಟಿಗೆಯ ಮುಂದೆ ನಿಂತು ಆಚೆ ಈಚೆ ನೋಡಿದರು. ಮರಿ ಗಡಬಡಿಸಿ ಪೆಟ್ಟಿಗೆಯಿಂದ ಇಳಿದ. ತಾತ ನೆಲದ ಮೇಲೆ ನಿಂತಿರುವಾಗ ಮೊಮ್ಮಗ ಮೇಲೆ ನಿಲ್ಲುವಂತಿಲ್ಲ. ಕೈಗೆ ಮುತ್ತಿಟ್ಟ.

"ಎಲ್ಲಿದ್ರಿ ಜಿದ್ದೊ? ಬೆಳಗ್ಗೆಯಿಂದ ಗಂಟಲು ಹರ್ಕೊಂಡೆ!"

"ಇಲ್ಲೇ ಕೂತಿದ್ದೆ. ಅಸ್ಲಾನ್ ಕೂರ್ತಿದ್ದ ಜಾಗ ಖಾಲಿ ಇತ್ತು, ಸುಮ್ನೆ ಎದುರಿಗೆ ಕೂತೆ."

"ಜಿದ್ದೊ ಅಂತ ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಜಿದ್ದೊ ಅಂದ್ರೆ ಇಲ್ಲಿ ನೂರು ಜನ ಇದಾರಪ್ಪ. ಯಾರಿಗೋ ಇರಬೇಕು ಅಂದ್ಕೊಂಡೆ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಈಗ ಕೂಗಿದ್ದು ಯಾರು?"

ಇಡೀ ವಠಾರ ಕಿವಿ ನಿಮಿರಿಸಿತು. ಶಹಾದೆ ಬಾಯಿ ತೆರೆದೇ ನಿಂತ. ಜಿದ್ದೊನನ್ನು ಕರೆದೆ ಎಂದರೆ ಅಪ್ಪನ ಮಾತು ಮುರಿದ ಹಾಗೆ. ಅಲ್ಲ ಎಂದರೆ, ಎದುರಿಗೆ ಅರಳಿ ನಿಂತ ಆ ಮುಖ.

"ನಾನು... ನನ್ನನ್ನೇ ಕರ್ಕೊಂಡೆ, ಜಿದ್ದೊ," ಎಂದ ಮರಿ, ಹರಿದ ಅಂಗಿಯನ್ನು ನೋಡುತ್ತ.

ಜಿದ್ದೊನ ಗಡ್ಡದ ಒಂದು ಬದಿ ನಗುವಿಗೆ ಮೇಲೆದ್ದಿತು.

"ಹೌದಾ? ಒಳ್ಳೇದಾಯ್ತು. ಇನ್ನೊಂದ್ಸಲ ನಿನ್ನನ್ನೇ ಕರ್ಕೋ, ನೋಡೋಣ."

ಮರಿ ಕರೆದುಕೊಂಡ. ಜಿದ್ದೊ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದರು. ಸೈರನ್ ಮೊಳಗುವವರೆಗೂ ಕೇಳಿದರು.

ವಠಾರದವರು ಮೊಟ್ಟೆಯನ್ನು ವಾಪಸು ಒಯ್ದರು. ಅರ್ಧದಷ್ಟನ್ನು ದಾರಿಯಲ್ಲೇ ತಿಂದರು. ಸರೀನಾ ತಳ ಹಿಡಿದ ತುಂಬುಗಾಯಿ ಬಡಿಸಿ ಶನಿವಾರವಿಡೀ ಗಂಡನ ಜೊತೆ ಮಾತಾಡಲಿಲ್ಲ. ಮರಿ ಇಷ್ಟಕ್ಕೆ ಬಿಡುಗಡೆಯಾಯಿತು ಎಂದುಕೊಂಡ. ಮುಂದಿನ ಶುಕ್ರವಾರ ಅಂಗಿಗೆ ಹೊಲಿಗೆ ಹಾಕಿಸಿಕೊಂಡು, ಜಿದ್ದೊನ ಕೈ ಬಿಗಿಯಾಗಿ ಹಿಡಿದು ಬಂದ. ಮುರಾದನ ಅಂಗಡಿಯಲ್ಲಿ ಈ ಸಲ ಅವನು ಕೈ ಬಿಡಲಿಲ್ಲ. ಜಿದ್ದೊ ಬಿಟ್ಟರು.

ಅವತ್ತಿನಿಂದ ಜಿದ್ದೊ ಪ್ರತಿ ಶುಕ್ರವಾರ, ಒಂದು ವಾರವೂ ತಪ್ಪದೆ, ಕಳೆದುಹೋದರು. ಪ್ರತಿ ಶುಕ್ರವಾರ ಮರಿ ಟೊಮೇಟೊ ಪೆಟ್ಟಿಗೆ ಹತ್ತಿ ತನ್ನನ್ನು ತಾನೇ ಬೈದುಕೊಂಡ. ಮೊದಲ ಕೂಗಿಗೆ ಅವರು ಬರುತ್ತಿರಲಿಲ್ಲ. ಚಹಾ ಮುಗಿಯಬೇಕಿತ್ತು. ಬೇರೆ ಊರಿನವರು "ಯಾರದು ಹುಚ್ಚ?" ಎಂದು ಕೇಳಿದರೆ ಮುರಾದ್, "ಸ್ಟೌ ರಿಪೇರಿಯವನು, ಕೆಲಸ ಚೆನ್ನಾಗಿ ಮಾಡ್ತಾನೆ," ಎನ್ನುತ್ತಿದ್ದ. ಪೊಲೀಸಪ್ಪ ತಪ್ಪದೆ ವಾರಕ್ಕೊಮ್ಮೆ ಟೋಪಿ ತೆಗೆದ.

ಆಮೇಲೆ ಒಂದು ಶುಕ್ರವಾರ ಬಂತು. ಮರಿ ಅಭ್ಯಾಸಬಲದಿಂದ ಪೆಟ್ಟಿಗೆ ಹತ್ತಿದ, ಬಾಯಿ ತೆರೆದ, ಹಾಗೇ ಇಳಿದ. ಆ ಸಲ ಪೊಲೀಸಪ್ಪ ಟೋಪಿ ತೆಗೆದದ್ದು ಸರಿಯಾಗಿತ್ತು.

ವರ್ಷಗಳು ಹೋದವು. ಪಂಪ್ ಸ್ಟೌ ಹೋಗಿ ಗ್ಯಾಸ್ ಬಂತು, ಮಾರ್ಕೆಟ್ಟಿಗೆ ಚಾವಣಿ ಬಂತು. ಮುರಾದ್ ಹೋದ, ಶಹಾದೆ ಹೋದ, ಬಹಿಯಾ ಕೂಡ ಹೋದಳು. ಆ ಸುದ್ದಿಯನ್ನು ಅವಳಷ್ಟು ಬೇಗ ಹಬ್ಬಿಸುವವರು ಯಾರೂ ಸಿಗಲಿಲ್ಲ. ಸರೀನಾಳೂ ಹೋದಳು. ಮರಿಯನ್ನು ಮರಿ ಎನ್ನುವವರು ಒಬ್ಬರೂ ಉಳಿಯಲಿಲ್ಲ. ಮಗ ಸಾಸೋನನಿಗೆ ಅವನು ಅಪ್ಪ. ಸೊಸೆಗೆ ಮಾವ. ಬೀದಿಗೆ 'ಸಾಸೋನನ ಅಪ್ಪ'. ಮೊಮ್ಮಗನಿಗೆ ಜಿದ್ದೊ. 'ತಾತ' ಸೇರಿಸಿಯೂ ಹೆಸರು ಹೇಳಬಾರದೆಂಬ ಹಳೆಯ ಕಟ್ಟು ಆ ಮನೆಯಲ್ಲಿ ಇನ್ನೂ ಇದೆ. ಆ ಮೊಮ್ಮಗನ ಹೆಸರು ಕೇಳಬೇಡಿ. ರಾಟೆಯಲ್ಲಿ ಯಾವ ಕೊಡ ಏರುವ ಸರದಿ ಎಂದು ನಿಮಗೇ ಗೊತ್ತು. ಈಗ ಅವನಿಗೂ ಮೂವತ್ತು ದಾಟಿದೆ, ಕೂದಲು ಉದುರುತ್ತಿದೆ. ಪ್ರತಿ ಶುಕ್ರವಾರ ತಾತನ ಕೈ ಹಿಡಿದು ಮಾರ್ಕೆಟ್ಟಿಗೆ ಬರುತ್ತಾನೆ. ಕರಬೂಜದ ಅಂಗಡಿಯವರೆಗೆ ಎಲ್ಲ ಸರಿಯಿರುತ್ತದೆ, ಆಮೇಲೆ...

"ಪೆರಹ್ಯಾ! ಲೋ ಪೆರಹ್ಯಾ! ಎಲ್ಲಿ ಹೋದ್ಯೋ?"

ಕೂತುಕೊಳ್ಳಿ ಹಿರಿಯರೆ, ಅವನು ಇನ್ನೂ ಒಂದೆರಡು ಸಲ ಕೂಗಲಿ. ನಿಮ್ಮ ಚಹಾ ಇನ್ನೂ ಅರ್ಧ ಇದೆ. ಬೆತ್ತ! ಬೆತ್ತ ಇಲ್ಲೇ ಬಿಟ್ಟಿರಿ! ಕತೆಯ ಮುಖ್ಯ ಮಾತನ್ನು ನಾನಿನ್ನೂ ಹೇಳೇ ಇಲ್ಲ, ಅವತ್ತಿನ ಆ ಕರಬೂಜ ಕೊನೆಗೂ ಹಣ್ಣಾಗಿತ್ತೋ ಇಲ್ಲವೋ ಅಂದರೆ, ಅದನ್ನು ಕೊಯ್ದು ನೋಡಿದಾಗ...